ಮೋಟಾರಿಗೆ ಸುತ್ತಿದ ಕಡಗೋಲಿನ ಹಗ್ಗ

ಮಿಕ್ಸರ್ ಬಿಸಿಯಾಗಿ ವಾರ್ನಿಶ್ ವಾಸನೆ ಬಂದಾಗಲೆಲ್ಲ ನನಗೆ ಇಂದಿಗೂ ನೆನಪಾಗುವುದು ಅವ್ವನ ಮಜ್ಜಿಗೆ.

ಅಪ್ಪ ಬ್ಯಾಡಗಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಕಟ್ಟಿಗೆಯ ಬುಗುರಿ ಮಾಡುವ ಯಂತ್ರವೊಂದನ್ನು ಕಟ್ಟಬೇಕೆಂಬುದು ಅವನ ಹುಚ್ಚು. ಅದಕ್ಕಾಗಿ ಒಂದು ಭಾನುವಾರ ರಾಣೆಬೆನ್ನೂರಿನ ಗುಜರಿ ಅಂಗಡಿಯಿಂದ ಹಳೆಯ ಮೋಟಾರನ್ನು ಮೆಣಸಿನಕಾಯಿ ಚೀಲದಲ್ಲಿ ಹೊತ್ತು ತಂದ. ಅದರ ಹೆಸರಿನ ತಗಡೇ ಕಿತ್ತುಹೋಗಿತ್ತು. ಸೀನುತ್ತಲೇ ಅದರ ವೈರುಗಳನ್ನು ಒಂದು ಬಲ್ಬಿಗೆ ಜೋಡಿಸಿ, ಬಲ್ಬಿನ ಮೂಲಕ ಕರೆಂಟು ಹಾಯಿಸಿ ನೋಡಿದ. ಬಲ್ಬು ಮಂದವಾಗಿ ಹತ್ತಿತು.

“ಒಳಗಿನ ಸುತ್ತು ಹರದಿಲ್ಲ” ಎಂದ.

ಆದರೆ ನೇರವಾಗಿ ಕರೆಂಟು ಕೊಟ್ಟಾಗ ಮೋಟಾರು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಸುಟ್ಟ ವಾರ್ನಿಶ್ ವಾಸನೆ ಮನೆಯೆಲ್ಲ ಹರಡಿತು. ಅಪ್ಪ ಗಾಬರಿಯಿಂದ ಬಟನ್ ಆರಿಸಿದ.

“ಶುರುವಿಗೆ ತಳ್ಳಿ ಕೊಡೂ ಕೆಪ್ಯಾಸಿಟರ್ ಇಲ್ಲ ಇದಕ್ಕ. ಮೊದಲ ಒಮ್ಮೆ ಜೋರಾಗಿ ತಿರುವಿದ್ರ ತಾನ ಓಡತೈತಿ. ಬೆರಳಿಗೆ ಬಗ್ಗವಲ್ದು. ಇನ್ನೊಮ್ಮೆ ಹಿಂಗಾದ್ರ ಸುಟ್ಟ ಹೋಗತೈತಿ.”

ಪಡಸಾಲೆಯ ಕಂಬದ ಹತ್ತಿರ ಮಜ್ಜಿಗೆ ಕಡೆಯುತ್ತಿದ್ದ ಅವ್ವ ಕಡಗೋಲಿನ ಹಗ್ಗ ಬಿಚ್ಚಿಕೊಂಡು ಬಂದಳು. ಬೆಣ್ಣೆ ಹತ್ತಿದ ಆ ಹಗ್ಗವನ್ನು ಮೋಟಾರಿನ ಅಚ್ಚಿಗೆ ಬಿಗಿಯಾಗಿ ಸುತ್ತಿದಳು.

“ನಾ ಎಳದ ಮ್ಯಾಲ ಬಟನ್ ಹಾಕ್ರಿ.”

ಎಳೆದಳು. ಹಗ್ಗ ಪೂರ್ತಿ ಅವಳ ಕೈಗೆ ಬಂತು, ಅಪ್ಪ ಬಟನ್ ಹಾಕಿದ, ಮೋಟಾರು ಓಡುತ್ತಲೇ ಇತ್ತು. ಅಪ್ಪ ಮಾತ್ರ ಅವ್ವನನ್ನೇ ನೋಡುತ್ತಿದ್ದ.

“ಬೆಣ್ಣಿ ಬರೂ ಹೊತ್ತಾತು” ಎಂದು ಅವಳು ಕಂಬದ ಕಡೆ ತಿರುಗಿದಳು.

ಮುಂದೆ ಯಂತ್ರ ಸಿದ್ಧವಾಗಿ ಓಣಿಯ ಮಕ್ಕಳಿಗೆಲ್ಲ ಬುಗುರಿ ಸಿಕ್ಕವು. ಕೆಪ್ಯಾಸಿಟರ್ ಪೇಟೆಯಲ್ಲೇ ಸಿಗುತ್ತಿತ್ತು. ಅಪ್ಪ ಅದನ್ನು ಕೊನೆಗೂ ತರಲಿಲ್ಲ. ಯಂತ್ರ ಹಚ್ಚುವ ಮನಸ್ಸಾದಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಹಗ್ಗ ತಗೊಂಡ ಬಾ” ಎನ್ನುತ್ತಿದ್ದ.