ಒರಿಜಿನಲ್

ಹಳೇ ಬೈಕುಗಳಿಗೆ ಮರುಜೀವ ಕೊಡುವುದರಲ್ಲಿ ಮೈಸೂರಿನ ಜವರಪ್ಪನದು ಎತ್ತಿದ ಕೈ. ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರು ತುಕ್ಕು ಹಿಡಿದ ತಮ್ಮ ಜಾವಾ ಬೈಕನ್ನು ತಳ್ಳಿಕೊಂಡು ಬಂದು, "ಮೊದಲು ಹೇಗಿತ್ತೋ ಹಾಗೇ ಆಗ್ಬೇಕು ಕಣಪ್ಪ" ಎಂದಾಗ ಅವನಿಗೆ ಹುರುಪೇ ಬಂತು. ಎಂಟು ತಿಂಗಳು ಊರೂರು ಅಲೆದ. ಮೀಟರು ಕೊಯಮತ್ತೂರಿನಲ್ಲಿ ಸಿಕ್ಕಿತು, ಕಾರ್ಬೊರೇಟರು ಸೊಲ್ಲಾಪುರದ ಗುಜರಿಯಲ್ಲಿ. ಒರಿಜಿನಲ್ ಅಲ್ಲದ ಒಂದು ನಟ್ಟನ್ನೂ ಅವನು ಉಳಿಸಲಿಲ್ಲ.

ಗಾಡಿ ತೆಗೆದುಕೊಂಡು ಹೋಗಲು ಗಂಡ ಹೆಂಡತಿ ಇಬ್ಬರೂ ಬಂದರು. ಫಳಫಳ ಹೊಳೆಯುವ ಪೆಟ್ರೋಲ್ ಟ್ಯಾಂಕಿನ ಮೇಲೆ ಓಡಾಡಿದ ಯಜಮಾನರ ಕೈ ಹ್ಯಾಂಡಲಿನ ಹತ್ತಿರ ನಿಂತುಬಿಟ್ಟಿತು.

"ಇಲ್ಲೊಂದು ಪುಟ್ಟ ಸೀಟಿತ್ತಲ್ಲಪ್ಪ, ಮುಂದೆ ರಬ್ಬರಿನ ಹಿಡಿ ಇದ್ದದ್ದು?"

"ಅದು ಕಂಪನಿದಲ್ಲ ಸಾರ್. ಯಾರೋ ಲೋಕಲ್ಲಾಗಿ ಮಾಡ್ಸಿ ಕೂರ್ಸಿದ್ರು" ಎಂದು ಜವರಪ್ಪ ಹೆಮ್ಮೆಯಿಂದ ನಕ್ಕ. "ಕಿತ್ತು ಗುಜರಿಗೆ ಹಾಕ್ದೆ. ಇಷ್ಟೊತ್ತಿಗೆ ಕರಗಿ ಹೋಗಿರುತ್ತೆ ಬಿಡಿ."

ಅಮ್ಮನವರು ಮುಖ ಆ ಕಡೆ ತಿರುಗಿಸಿಕೊಂಡರು. ಜವರಪ್ಪನಿಗೆ ಏನೂ ತಿಳಿಯಲಿಲ್ಲ. ಯಜಮಾನರೇ ಮೆಲ್ಲಗೆ ಹೇಳಿದರು:

"ಆ ರಬ್ಬರಿನ ಮೇಲೆ ನಮ್ಮ ಮಗಳ ಹಾಲುಹಲ್ಲಿನ ಗುರುತಿತ್ತು ಕಣಪ್ಪ. ಮಗು ತೀರ್ಕೊಂಡ ಮೇಲೆ ಅವಳದು ಅಂತ ನಮ್ಮ ಹತ್ರ ಉಳಿದಿದ್ದು ಅದೊಂದೇ."