ಅವಳ ಫೋಲ್ಡರ್

"ನೀವೇ ಅಳಿಸಿರ್ತೀರಿ!" ಎಂದು ಮೇಲ್ವಿಚಾರಕ ಇಡೀ ಆಫೀಸಿಗೆ ಕೇಳುವಂತೆ ಗದರಿದ. ಸೇತುವೆಯ ನಕ್ಷೆಯ ಫೈಲ್ ಬೆಳಗಿನಿಂದ ಸಿಕ್ಕಿರಲಿಲ್ಲ. ನಕ್ಷೆ ಬರೆದಾಕೆ ಎದ್ದು ಬಂದು ಅವನ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತಳು.

ಅವನು ಕಂಪ್ಯೂಟರಿಗೆ ಕೊಟ್ಟಿದ್ದ ಹಳೆಯ ಕಮ್ಯಾಂಡ್ ನೋಡಲು ಮೇಲ್ಮುಖ ಬಾಣದ ಕೀ ಒತ್ತಿದಳು. ಅವಳ ಫೋಲ್ಡರಿನಲ್ಲಿ ಹುಡುಕು ಎಂದಿತ್ತು. ಮತ್ತೆ ಒತ್ತಿದಳು, ಅದೇ. ಮೂರನೆಯದೂ ಅದೇ. "ಬೇರೆಲ್ಲೂ ನೋಡೇ ಇಲ್ವಾ ಸರ್?" ಎನ್ನುತ್ತಾ ತನ್ನ ಫೋಲ್ಡರಿನ ಹೆಸರು ಅಳಿಸಿ, ಇಡೀ ಡಿಸ್ಕ್ ಹುಡುಕಲು ಹೇಳಿ ಎಂಟರ್ ಒತ್ತಿದಳು.

ಒಂದೇ ಸಾಲು ಬಂತು. ಫೈಲ್ ಅವನದೇ ಫೋಲ್ಡರಿನಲ್ಲಿತ್ತು. ಭದ್ರವಾಗಿರಲಿ ಎಂದು ನಿನ್ನೆ ಅವನೇ ಅಲ್ಲಿಗೆ ಸರಿಸಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರುಂಟು. ಅವನು ಒಂದೇ ಮನೆಯ ಬಾಗಿಲನ್ನು ಮೂರು ಸಲ ಬಡಿದಿದ್ದ.

"ತಪ್ಪಾಯ್ತಮ್ಮ" ಎಂದ. ಅದು ಪಕ್ಕದಲ್ಲೇ ಕೂತಿದ್ದ ಅವಳಿಗೂ ಸರಿಯಾಗಿ ಕೇಳಿಸಲಿಲ್ಲ.