ಹೊಸ್ತಿಲಾಚೆಯ ಬಟ್ಟೆ

ಎಲುಬೆ ಕುಣಿಯುತ್ತಿದ್ದಳು. ಅದೂ ಮೊದಲ ಸಾಲಿನಲ್ಲಿ, ಆಳುವ ಪಕ್ಷದ ಹೊಸ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು, ರಾಜಧಾನಿ ಲಿಲೊಂಗ್ವೆಯಿಂದ ಬಂದ ಮಂತ್ರಿಗಳ ಎದುರಿಗೇ.

ಊರಿಗೆ ಊರೇ ಬೆರಗಾಯಿತು. ಆಗದೆ ಇರುತ್ತದೆಯೇ? ಅವಳ ಗಂಡ ಫೊಸ್ಟಿನೊ ವಿರೋಧ ಪಕ್ಷದವನು. ಅದಕ್ಕೇ ಐದು ವರ್ಷದಿಂದ ಅಗ್ಗದ ಗೊಬ್ಬರದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮೆಕ್ಕೆಜೋಳದ ತೆನೆ ಹೆಬ್ಬೆರಳಿನಷ್ಟು, ಉಣ್ಣುವ ಮಕ್ಕಳು ಆರು. ಹೋದ ವಾರ ಊರ ಯಜಮಾನ ತಾನೇ ಬಟ್ಟೆ ತಂದು, ಹೆಂಡತಿ ಇದನ್ನುಟ್ಟು ಕುಣಿದರೆ ಎರಡು ಮೂಟೆ ಗೊಬ್ಬರದ ಚೀಟಿ ಖಂಡಿತ ಎಂದಿದ್ದ. ಹಾಸಿಗೆ ಹಿಡಿದಿದ್ದರೂ ಫೊಸ್ಟಿನೊ ಜಗ್ಗಲಿಲ್ಲ.

"ನನ್ನ ಉಸಿರಿರೋವರೆಗೂ ಆ ಬಟ್ಟೆ ನನ್ನ ಹೊಸ್ತಿಲು ದಾಟಬಾರದು," ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಅಂದಿನಿಂದ ಅದು ಹೊರಗೆ ಕೋಳಿಗೂಡಿನ ಮೇಲೆ ಬಿದ್ದಿತ್ತು.

ಪಕ್ಕದ ಮನೆಯ ನಸಿಬೆಕೊಗೆ ಬೆಳಿಗ್ಗೆಯೇ ಅನುಮಾನ ಬಂದಿತ್ತು. ಎಲುಬೆ ಮಕ್ಕಳನ್ನು ನಸುಕಿನಲ್ಲೇ ಅಜ್ಜಿಯ ಮನೆಗೆ ಅಟ್ಟಿದ್ದಳು. ರೋಗಿಗೆಂದು ತಾನು ಗಂಜಿ ತಂದರೆ, ಮಲಗಿದ್ದಾರೆ ಎಂದು ಬಾಗಿಲಿನಿಂದಲೇ ಕಳಿಸಿದ್ದಳು.

ನಸಿಬೆಕೊ ವಿಧವೆ. ಹೋದ ವರ್ಷ ಅವಳ ಗಂಡ ತೀರಿಕೊಂಡು ಅವಳು ಗೋಳಿಟ್ಟ ಕೂಡಲೇ, ರೂಢಿಯಂತೆ ಊರವರೆಲ್ಲ ಕೈಕೆಲಸ ಬಿಟ್ಟು ಓಡಿಬಂದಿದ್ದರು. ಯಜಮಾನನೂ ಬಂದು ಅತ್ತಿದ್ದ. ಮರುದಿನವೇ ಗೊಬ್ಬರದ ಪಟ್ಟಿಯಿಂದ ಸತ್ತವನ ಹೆಸರು ಹೊಡೆದುಹಾಕಿ ಅವನ ಚೀಟಿಯನ್ನು ತನ್ನ ಭಾವಮೈದುನನಿಗೆ ಕೊಟ್ಟ. ಅಷ್ಟಾದರೂ ನಸಿಬೆಕೊ ಆ ಬಟ್ಟೆ ಮುಟ್ಟಿರಲಿಲ್ಲ.

"ಮನೆಗೆ ಹೋಗಿ ಅವನಿಗೆ ಹೆಂಗೆ ಮುಖ ತೋರಿಸ್ತೀಯೇ?" ಎಂದು ಕುಣಿತದ ನಡುವೆಯೇ, ನೋಡುವವರ ಗುಂಪಿನಿಂದ ಚುಚ್ಚಿದಳು.

ಉಳಿದ ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕುವಾಗಲೂ ಎಲುಬೆ ತುಟಿ ಬಿಚ್ಚಲಿಲ್ಲ. ಪಾಪ, ಕಾಲುಗಳು ಮಾತ್ರ ಕುಣಿಯುತ್ತಿದ್ದವು.

ಚೀಟಿ ಹಂಚುವಾಗ ಯಜಮಾನ ನಕ್ಕ. "ಫೊಸ್ಟಿನೊ ಎಲ್ಲಿದ್ದಾನಮ್ಮಾ? ನಾಚಿಕೆಯಾಯ್ತಂತಾ?"

"ಮಲಗಿದ್ದಾರೆ. ಅವರಿಗೀಗ ನಾಚಿಕೆಯೂ ಇಲ್ಲ, ಹಟವೂ ಇಲ್ಲ, ಯಜಮಾನ್ರೇ."

ಅವನಿಗೆ ಬಹಳ ಖುಷಿಯಾಯಿತು. ಫೊಸ್ಟಿನೊನ ಹೆಸರನ್ನು ಪಟ್ಟಿಗೆ ಸೇರಿಸಿ ಚೀಟಿ ಕೊಟ್ಟ. ಎಲುಬೆ ಅಲ್ಲೇ ಲಾರಿಯಿಂದ ಎರಡು ಮೂಟೆ ಇಳಿಸಿಕೊಂಡು, ಸೈಕಲ್ಲಿಗೆ ಕಟ್ಟಿ, ಒಬ್ಬಳೇ ತಳ್ಳಿಕೊಂಡು ಹೋದಳು.

ಮನೆ ಮುಂದೆ ಮೂಟೆ ಇಳಿಸಿ, ಉಟ್ಟ ಬಟ್ಟೆಯಲ್ಲೇ ಹೊಸ್ತಿಲು ದಾಟಿದಳು. ಬೇಲಿಯಾಚೆ ನಸಿಬೆಕೊ ಉಗುಳಿದಳು: ಆಣೆ ಮುರಿದಳಲ್ಲ, ಪಾಪಿ.

ಒಳಗೆ ಎಲುಬೆ, ಕೋಳಿ ಕೂಗುವ ಮೊದಲೇ ತಣ್ಣಗಾಗಿದ್ದ ಗಂಡನ ಕಾಲ ಬಳಿ ಕೂತು, ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ಗೋಳನ್ನು ಊರಿಗೆಲ್ಲ ಕೇಳುವಂತೆ ಬಿಟ್ಟಳು.